ಕರಡು ತಿದ್ದುವವನ ಕುರ್ಚಿ ಎಲ್ಲಿರಬೇಕು?

ಸರಕಾರಿ ಸಂಸ್ಥೆಯೊಂದರಲ್ಲಿ ಹಿರಿಯ ಸಂಪಾದಕ ಎಂದು ಪರಿಚಯ ಹೇಳಿಕೊಂಡರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಯಾವ ಪೇಪರ್? ಆಮೇಲೆ, ಪೆನ್ಶನ್ ಉಂಟಾ? ಪೇಪರ್ ಯಾವುದೂ ಅಲ್ಲ ಮಾರಾಯ್ರೇ, ಸರಕಾರ ಹಂಚುವ ಕೈಪಿಡಿ, ಕರಪತ್ರ, ಫಾರಂ, ವಾರ್ಷಿಕ ವರದಿ, ಇವನ್ನೆಲ್ಲ ಓದುವ ಹಾಗೆ ಮಾಡುವುದು ನನ್ನ ಕೆಲಸ ಅಂದರೆ, "ಓ, ಪ್ರೂಫ್ ನೋಡುವುದು" ಎಂದು ಮಾತು ಮುಗಿಸುತ್ತಾರೆ.

ಈ ಕೆಲಸ ನಾನು ಮೊದಲು ಮಾಡಿದ್ದು ಬೆಂಗಳೂರಿನಲ್ಲಿ. ಈಗ ಮಾಡುತ್ತಿರುವುದು ಕಾಸರಗೋಡಿನಲ್ಲಿ, ಮಲಯಾಳಂನಲ್ಲಿ ವ್ಯವಹಾರ ನಡೆಸುವ ಸಂಸ್ಥೆಯೊಂದರ ಕನ್ನಡ ಪ್ರಕಟಣೆಗಳಿಗೆ. ಎರಡರ ಹೆಸರೂ ಇಲ್ಲಿ ಬೇಡ. ಎರಡೂ ಕಡೆ ಮೇಜಿನ ಮೇಲೆ ಬರುವುದು ಕನ್ನಡವೇ. ಬರುವ ದಾರಿ ಮಾತ್ರ ಬೇರೆ. ಯಾವ ದಾರಿ ಒಳ್ಳೆಯದು ಎಂದು ಕೇಳಿದರೆ ಬೆಂಗಳೂರಿನ ಗೆಳೆಯರಿಗೆ ಸ್ವಲ್ಪ ಬೇಜಾರಾಗುವ ಉತ್ತರ ನನ್ನಲ್ಲಿದೆ.

ಬೆಂಗಳೂರಿನ ಕ್ರಮ ಹೀಗಿತ್ತು. ವಿಷಯ ಗೊತ್ತಿರುವ ಅಧಿಕಾರಿ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಅದು ಅನುವಾದಕ್ಕೆ ಹೋಗಿ, ಅಲ್ಲಿಂದ ನನ್ನ ಹತ್ತಿರ ಬರುತ್ತಿತ್ತು. 1963ರ ಕಾಯ್ದೆಯ ಪ್ರಕಾರ ಕನ್ನಡ ಆಡಳಿತ ಭಾಷೆ. ಬರಹ ಮಾತ್ರ ಇಂಗ್ಲಿಷಿನಲ್ಲೇ ಹುಟ್ಟುತ್ತಿತ್ತು. ಒಂದು ಸಾಲು ನೋಡಿ. "ಸದರಿ ಯೋಜನೆಯಡಿ ಸಹಾಯಧನ ಪಡೆಯಲಿಚ್ಛಿಸುವ ಅರ್ಹ ಫಲಾನುಭವಿಗಳು ನಿಗದಿತ ನಮೂನೆಯಲ್ಲಿ ಅರ್ಜಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು." ಇಂಥ ಸಾಲು ಓದಿ ಓದಿ ನಮಗೆ ಅಭ್ಯಾಸವಾಗಿಬಿಟ್ಟಿದೆ, ಅಲ್ವಾ? ಇದನ್ನು "ಸಹಾಯಧನ ಬೇಕಾದವರು ಈ ಫಾರಂ ತುಂಬಿ ಕೊಡಬೇಕು" ಎಂದು ಮಾಡುವುದು ಕಷ್ಟವಲ್ಲ. ಕಷ್ಟ ಇರುವುದು ಮುಂದೆ. ಯಾರಿಗೆ ಕೊಡಬೇಕು?

ಸಕ್ಷಮ ಪ್ರಾಧಿಕಾರ ಎಂದರೆ ಯಾರು ಎಂದು ಕಡತದ ಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದು ವಾಪಸ್ ಕಳಿಸಿದೆ. ತಾಲೂಕಿನ ಅಧಿಕಾರಿಯೋ, ಜಿಲ್ಲೆಯ ಅಧಿಕಾರಿಯೋ ಎಂಬುದು ಆ ವಿಭಾಗದಲ್ಲಿ ಯಾರಿಗೂ ಖಚಿತವಿರಲಿಲ್ಲ. ಆ ದೊಡ್ಡ ಮಾತು ಇದ್ದದ್ದೇ ಅದನ್ನು ಮುಚ್ಚಿಡಲಿಕ್ಕೆ. ಕಡತ ತಿರುಗಿ ಬಂತು. "ಸಂಪಾದಕರು ಭಾಷೆಯನ್ನು ಮಾತ್ರ ಪರಿಶೀಲಿಸುವುದು" ಎಂದು ಹಸಿರು ಶಾಯಿಯಲ್ಲಿ ಬರೆದಿತ್ತು. ಪುಸ್ತಿಕೆ ಹಾಗೆಯೇ ಅಚ್ಚಾಯಿತು. ಓದಿದವರಿಂದ ಒಂದು ಫೋನ್ ಕೂಡ ಬರಲಿಲ್ಲ. ಯಾಕೆಂದರೆ ಓದಿದವರು ಇರಲಿಲ್ಲ.

ನನ್ನ ಪ್ರಕಾರ ಸರಕಾರಿ ಸಂಪಾದಕನ ಕೆಲಸವೇ ಆ ಪೆನ್ಸಿಲ್ ಪ್ರಶ್ನೆ. ಕಾಗುಣಿತ ತಿದ್ದಲು ಬೇರೆಯವರೂ ಸಿಗುತ್ತಾರೆ. ಹಿರಿಯ ಎಂಬ ಮಾತಿಗೆ ಅರ್ಥ ಬರುವುದು, ಈ ಸಾಲಿನ ಅರ್ಥ ನನಗೇ ಆಗಿಲ್ಲ, ಇದು ಅಚ್ಚಿಗೆ ಹೋಗುವುದಿಲ್ಲ ಎಂದು ಹೇಳುವ ಹಕ್ಕು ಇದ್ದಾಗ. ಅಮೆರಿಕದಲ್ಲಿ ಸರಕಾರಿ ಬರಹ ಸರಳವಾಗಿರಬೇಕು ಎಂದು 2010ರಲ್ಲಿ ಕಾನೂನನ್ನೇ ತಂದರು. ನಮಗೆ ಕಾನೂನು ಬೇಡ. ಪೆನ್ಸಿಲಿಗೆ ಉತ್ತರ ಬಂದರೆ ಸಾಕು.

ಕಾಸರಗೋಡಿಗೆ ಬಂದ ಮೇಲೆ ಕಂಡದ್ದು ಬೇರೆ. ಇಲ್ಲಿ ಮೂಲ ಕರಡು ಮಲಯಾಳಂನಲ್ಲಿ ಇರುತ್ತದೆ. ಮಲಯಾಳಂ ಕಡತಗಳಲ್ಲೂ ಕಗ್ಗ ಇಲ್ಲದಿಲ್ಲ. ಆದೇಶಗಳನ್ನು ಓದಿದರೆ ನಮ್ಮ "ಸದರಿ"ಯ ಅಣ್ಣತಮ್ಮಂದಿರೆಲ್ಲ ಸಿಗುತ್ತಾರೆ. ಆದರೆ ಜನರ ಕೈಗೆ ಹೋಗುವ ಪುಸ್ತಿಕೆಯ ವಿಷಯ ಬಂದಾಗ ಬರೆಯುವವರ ಎದುರು ಒಬ್ಬ ಓದುಗ ಕೂತಿರುತ್ತಾನೆ. ಯಾರಿಗೆ, ಎಲ್ಲಿ, ಯಾವ ದಾಖಲೆ ಹಿಡಿದು ಹೋಗಬೇಕು ಎಂಬುದು ಮೊದಲ ಪುಟದಲ್ಲೇ ಇರುತ್ತದೆ.

ಇದು ಸುಮ್ನೆ ಬಂದದ್ದಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಿಂದ ವಿಜ್ಞಾನವನ್ನು ಜನರ ಮಾತಿನಲ್ಲಿ ಬರೆಯುತ್ತಾ ಬಂದಿದೆ. 1990ರಲ್ಲಿ ಎರ್ನಾಕುಳಂ ಜಿಲ್ಲೆ, 1991ರಲ್ಲಿ ಇಡೀ ರಾಜ್ಯ ಸಂಪೂರ್ಣ ಸಾಕ್ಷರ ಎಂದು ಘೋಷಣೆಯಾಯಿತು. ಹೊಸದಾಗಿ ಅಕ್ಷರ ಕಲಿತ ಅಮ್ಮಂದಿರಿಗಾಗಿ ಬರೆಯಬೇಕಾಗಿ ಬಂದರೆ ಉದ್ದ ವಾಕ್ಯ ತಾನಾಗಿ ತುಂಡಾಗುತ್ತದೆ. 1996ರಲ್ಲಿ ಊರಿನ ಯೋಜನೆಯನ್ನು ಊರವರೇ ಮಾಡುವ ಜನಕೀಯ ಯೋಜನೆ ಶುರುವಾದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಪಂಚಾಯತು, ನಗರಸಭೆಗಳಿಗೆ ಹೋಯಿತು. ಆ ಹಣ ಹೇಗೆ ಖರ್ಚು ಮಾಡಬೇಕು ಎಂದು ವಾರ್ಡ್ ಸಭೆಯಲ್ಲಿ ಕೂತವರಿಗೆ ತಿಳಿಸಬೇಕಿತ್ತು. ಅರ್ಥವಾಗದಿದ್ದರೆ ಅಲ್ಲೇ ಎದ್ದು ನಿಂತು ಕೇಳುವವರು ಅವರು. ಸರಕಾರದ ಭಾಷೆಯನ್ನು ಹದ ಮಾಡಿದ್ದು ವ್ಯಾಕರಣದವರಲ್ಲ, ಈ ಕೇಳುವವರು.

ಹಾಗಾಗಿ ಇಲ್ಲಿ ಪೆನ್ಸಿಲ್ ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ. ಕೆಲವೊಮ್ಮೆ ಜಗಳವೂ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಮಲಯಾಳಂ ಸಂಪಾದಕರು ವಿಷಯದ ಸಭೆಗೆ ಹೋಗಿ ಕೂರುತ್ತಾರೆ, ಎಂಜಿನಿಯರ್ ಜೊತೆ ವಾದ ಮಾಡುತ್ತಾರೆ. ಬೆಂಗಳೂರಿನಲ್ಲಿ ನನ್ನ ದರ್ಜೆಯವರು ಇಂಥ ಸಭೆಗೆ ಹೋದದ್ದನ್ನು ನಾನು ಕಾಣೆ.

ಈಗ ಹುಳುಕಿನ ಮಾತು. ಆ ಸಭೆಯಲ್ಲಿ ಕನ್ನಡದ ಕುರ್ಚಿ ಇಲ್ಲ.

ಕನ್ನಡ ಬರುವುದು ಕೊನೆಗೆ. ಮಲಯಾಳಂ ಪುಟ ಕಟ್ಟಿ, ಚಿತ್ರ ಕೂರಿಸಿ, ಮುಖಪುಟ ಒಪ್ಪಿಗೆಯಾಗಿ, ಉದ್ಘಾಟನೆಯ ದಿನವೂ ಗೊತ್ತಾದ ಮೇಲೆ "ಸಾರ್, ಕನ್ನಡ ಬೇಗ ಬೇಕಿತ್ತು" ಎಂದು ಮೇಲ್ ಬರುತ್ತದೆ. ಮಲಯಾಳಂಗೆ ಅಳತೆ ಮಾಡಿ ಕಟ್ಟಿದ ಪೆಟ್ಟಿಗೆಯಲ್ಲಿ ಕನ್ನಡ ಕೂರಬೇಕು. ಅಕ್ಷರ ಜೋಡಿಸುವ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ತುಂಬ ಜಾಣ, ಆಕಾರ ನೋಡಿ ಹೊಂದಿಸುತ್ತಾನೆ. ಆದರೆ ಹಳೇ ಸಾಫ್ಟ್‌ವೇರಿಗೆ ಯುನಿಕೋಡ್ ಕನ್ನಡ ಹಿಡಿಸುವುದಿಲ್ಲ. "ಅರ್ಜಿ" ಎಂಬಲ್ಲಿ ಅರ್ಕಾವೊತ್ತು ಕಳಚಿ ರಕಾರ ಬೋಳಾಗಿ ನಿಂತಿರುತ್ತದೆ. ಒತ್ತಕ್ಷರ ಕೆಳಗೆ ಇಳಿಯುವ ಬದಲು ಪಕ್ಕಕ್ಕೆ ಬಂದಿರುತ್ತದೆ. ಪ್ರೂಫಿನಲ್ಲಿ ಕೆಂಪು ಗೀಟು ಹಾಕಿ ಕಳಿಸಿದರೆ ಒಂದು ಕಡೆ ಸರಿಯಾಗಿ ಇನ್ನೊಂದು ಕಡೆ ಒಡೆದು ಬರುತ್ತದೆ. ಆ ಹೊತ್ತಿನಲ್ಲಿ ಸಕ್ಷಮ ಪ್ರಾಧಿಕಾರ ಯಾರು ಎಂದು ಕೇಳುವ ಪುರುಸೊತ್ತು ಯಾರಿಗಿದೆ?

ಕರ್ನಾಟಕದಿಂದ ಸಿದ್ಧ ಪದಗಳನ್ನು ತಂದರೆ ಆಯ್ತಲ್ಲ ಎಂದು ಬೆಂಗಳೂರಿನ ಗೆಳೆಯರು ಹೇಳುವುದುಂಟು. ಆಗುವುದಿಲ್ಲ. ಅಲ್ಲಿಯ ಫಾರಂನಲ್ಲಿ ಹೋಬಳಿ ಇದೆ, ಇಲ್ಲಿ ಹೋಬಳಿಯೇ ಇಲ್ಲ. ಅಲ್ಲಿ ನಾಡಕಚೇರಿ, ಇಲ್ಲಿ ವಿಲೇಜ್ ಆಫೀಸ್. ಹೊರಗಡೆ ಅನುವಾದಕ್ಕೆ ಕೊಟ್ಟ ಒಂದು ಕೃಷಿ ಕರಪತ್ರದಲ್ಲಿ ಕೃಷಿ ಭವನ ಎಂದಿದ್ದಲ್ಲೆಲ್ಲ "ರೈತ ಸಂಪರ್ಕ ಕೇಂದ್ರ" ಎಂದಾಗಿ ಬಂದಿತ್ತು. ಕನ್ನಡ ಚೆನ್ನಾಗಿಯೇ ಇತ್ತು. ಆದರೆ ಎಣ್ಮಕಜೆಯ ಅಡಿಕೆ ಬೆಳೆಗಾರ ಅದನ್ನು ನಂಬಿ ಹೊರಟರೆ ಗಡಿ ದಾಟಿ ಪುತ್ತೂರು ಕಡೆಗೆ ಹೋಗಬೇಕಾದೀತು. ಅಲ್ಲಿ ಅವನಿಗೆ ಕೊಡಲು ಏನೂ ಇಲ್ಲ. ಮನೆ ಹೆಸರಿನ ಅಂಕಣವೂ ಹಾಗೆಯೇ. ಇಲ್ಲಿಯ ವಿಳಾಸಕ್ಕೆ ಅದಿಲ್ಲದೆ ಆಗುವುದಿಲ್ಲ. ಬೆಂಗಳೂರಿನ ಫಾರಂ ನೋಡಿ ಕನ್ನಡ ಮಾಡಿದವರಿಗೆ ಅದು ಹೊಳೆಯುವುದೇ ಇಲ್ಲ.

ಇನ್ನೊಂದು ವಿಷಯ ನನಗೆ ಇಲ್ಲಿ ಬಂದ ಮೇಲೆಯೇ ಸರಿಯಾಗಿ ಕಾಣಿಸಿತು. ಬೆಂಗಳೂರಿನಲ್ಲಿ ಸರಳ ಎಂದರೆ ಆಡುಮಾತಿಗೆ ಹತ್ತಿರ ಹೋಗುವುದು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ನಮ್ಮ ಓದುಗರಲ್ಲಿ ತುಂಬ ಮಂದಿಯ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಮರಾಠಿ, ಬ್ಯಾರಿ. ಕನ್ನಡ ಅವರಿಗೆ ಶಾಲೆಯಲ್ಲಿ ಕಲಿತ, ಪೇಪರಿನಲ್ಲಿ ಓದುವ ಭಾಷೆ. "ಮಾಡ್ಕೊಳಿ, ತಗೊಂಬನ್ನಿ" ಎಂದು ಬರೆದರೆ ಅವರಿಗೆ ಸರಳವಾಗುವುದಿಲ್ಲ, ಪರಕೀಯವಾಗುತ್ತದೆ. ಇಲ್ಲಿ ಸರಳ ಕನ್ನಡ ಎಂದರೆ ಏಳನೇ ಕ್ಲಾಸಿನ ಪಾಠಪುಸ್ತಕದ ಕನ್ನಡ. ಅದನ್ನು ಅವರು ಪ್ರೀತಿಯಿಂದಲೂ ಹಟದಿಂದಲೂ ಕಾಪಾಡಿಕೊಂಡು ಬಂದಿದ್ದಾರೆ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಮನೆಯ ಹೊರಗಿನ ಬೋರ್ಡುಗಳೆಲ್ಲ ಮೆಲ್ಲಮೆಲ್ಲನೆ ಬದಲಾದ ಊರು ಇದು, ಹಟ ಇಲ್ಲದೆ ಹೇಗೆ?

ಆ ಹಟದ ಲಾಭ ಸಂಪಾದಕನಿಗೆ. ಇಲ್ಲಿ ಓದುಗರಿದ್ದಾರೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಪಾಠ ಹೇಳಿದ ನೆಲ ಇದು. ಒಂದು ಕೈಪಿಡಿ ಹೊರಬಿದ್ದರೆ ನಿವೃತ್ತ ಮಾಷ್ಟ್ರೊಬ್ಬರ ಫೋನ್ ಖಂಡಿತ. "ಹನ್ನೊಂದನೇ ಪುಟ ತೆಗೀರಿ. ಈ ವಾಕ್ಯದಲ್ಲಿ ಕರ್ತೃ ಯಾರು?" ನಾನು ಪುಟ ತೆಗೆಯುತ್ತೇನೆ. ಕರ್ತೃ ನಿಜಕ್ಕೂ ಇರುವುದಿಲ್ಲ. ಮಲಯಾಳಂ ಮೂಲ ತೆಗೆದು ನೋಡಿದರೆ ಕೆಲವೊಮ್ಮೆ ಅಲ್ಲೂ ಇರುವುದಿಲ್ಲ! ಅವಸರದಲ್ಲಿ ಎಲ್ಲರ ಕಣ್ಣು ತಪ್ಪಿದ್ದು ಕನ್ನಡದ ಓದುಗನಿಗೆ ಸಿಕ್ಕಿರುತ್ತದೆ.

ಹಕ್ಕಿನ ಮಾತು ಇಲ್ಲಿ ಜಾಸ್ತಿ ಕೇಳಿಬರುತ್ತದೆ, ಬರಬೇಕಾದದ್ದೇ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ನಮ್ಮ ಭಾಷೆಯಲ್ಲಿ ಕೊಡಲು ಬಿಡುತ್ತದೆ. ಈ ಜಿಲ್ಲೆಯಲ್ಲಿ ಕನ್ನಡ, ಮಲಯಾಳಂ ಎರಡೂ ಗೊತ್ತಿರುವ ಗುಮಾಸ್ತರ ಹುದ್ದೆಗೆ ಕೇರಳದ ಲೋಕಸೇವಾ ಆಯೋಗ (ಪಿಎಸ್‌ಸಿ) ಬೇರೆಯೇ ಪರೀಕ್ಷೆ ಮಾಡುತ್ತದೆ. ಇವೆಲ್ಲ ಕಾಗದ ಬರೆದವನಿಗೆ, ಉತ್ತರ ಕೊಡುವವನಿಗೆ. ಕರಡು ಹುಟ್ಟುವ ಹಂತದ ಬಗ್ಗೆ ನಮ್ಮ ಸಂಘಟನೆಗಳೂ ಮಾತಾಡುವುದಿಲ್ಲ. ಕನ್ನಡ ಫಾರಂ ಬರಲಿಲ್ಲ ಎಂದು ಧರಣಿ ಕೂರುತ್ತೇವೆ. ಬಂದ ಫಾರಂ ಯಾರಿಗೂ ಅರ್ಥವಾಗದಿದ್ದರೆ ಮನೆಗೆ ತಂದು ಮಕ್ಕಳ ಕೈಯಲ್ಲಿ ಮಲಯಾಳಂ ಫಾರಂ ಓದಿಸುತ್ತೇವೆ.

ನನ್ನ ಬೇಡಿಕೆ ಸಣ್ಣದು. ಮಲಯಾಳಂ ಕರಡು ಮುಗಿದ ದಿನವಲ್ಲ, ಶುರುವಾದ ದಿನ ನನಗೊಂದು ಪ್ರತಿ ಕೊಡಿ, ಆ ಸಭೆಗೆ ನನ್ನನ್ನೂ ಕರೆಯಿರಿ. ಕೇಳಿದಾಗಲೆಲ್ಲ ಮಲಯಾಳಂ ವಿಭಾಗದ ಗೆಳೆಯರು ಒಂದೇ ಮಾತು ಹೇಳುತ್ತಾರೆ. "ಕರಡು ಬದಲಾಗ್ತಾ ಇರ್ತದೆ ಸಾರ್, ನಿಮಗೆ ಸುಮ್ನೆ ಡಬಲ್ ಕೆಲಸ." ಡಬಲ್ ಆಗಲಿ. ಬದಲಾಗುತ್ತಿರುವಾಗಲೇ ಅಲ್ವಾ ಬದಲಾಯಿಸಲಿಕ್ಕೆ ಆಗುವುದು? ಪುಟ ಕಟ್ಟಿದ ಮೇಲೆ ನನ್ನಿಂದ ಆಗುವುದು ಅರ್ಕಾವೊತ್ತು ಜೋಡಿಸುವ ಕೆಲಸ ಮಾತ್ರ. ಅದಕ್ಕೆ ಹಿರಿಯ ಸಂಪಾದಕನ ಸಂಬಳ ಕೊಡುವುದು ಸರಕಾರಕ್ಕೇ ನಷ್ಟ.