ಯುಪಿಐ ಪಾವತಿ ಮತ್ತು ಜಿಎಸ್‌ಟಿ: ಕೊಡಗಿನ ಸಣ್ಣ ವರ್ತಕರಿಗೆ ಸ್ಪಷ್ಟನೆ

ಯುಪಿಐ ಮೂಲಕ ಹಣ ಪಡೆಯುವ ಅಂಗಡಿಯವರೆಲ್ಲರೂ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೆಂಬ ಸಂದೇಶವೊಂದು ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ವರ್ತಕರ ನಡುವೆ ಹರಿದಾಡುತ್ತಿದೆ. ಅದು ಸರಿಯಲ್ಲ. ನೋಂದಣಿಯ ಅಗತ್ಯ ವಾರ್ಷಿಕ ವಹಿವಾಟಿನ ಮೇಲೆ ನಿಂತಿದೆ: ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ 40 ಲಕ್ಷ ರೂಪಾಯಿ, ಹೋಂಸ್ಟೇಯಂಥ ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ಮಿತಿಯಿದ್ದು, ನಗದು ವ್ಯಾಪಾರವೂ ಈ ಲೆಕ್ಕಕ್ಕೆ ಸೇರುವುದರಿಂದ ಕ್ಯೂಆರ್ ಫಲಕ ತೆಗೆದಿಟ್ಟ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ತಮ್ಮ ತೋಟದಲ್ಲಿ ಬೆಳೆದ ಕಾಳುಮೆಣಸು, ಕಿತ್ತಳೆಯನ್ನಷ್ಟೇ ಮಾರುವ ಕೃಷಿಕರು ನೋಂದಣಿ ಮಾಡಿಸಬೇಕಿಲ್ಲ; ಆದರೆ ತೆರಿಗೆಗೊಳಪಡುವ ಸರಕನ್ನು ಕೇರಳಕ್ಕೆ ಕಳುಹಿಸಿ ಮಾರುವ ವರ್ತಕರು, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ, ವಹಿವಾಟು ಎಷ್ಟೇ ಇದ್ದರೂ ನೋಂದಣಿ ಮಾಡಿಸಬೇಕು. ಗಡಿ ಜಿಲ್ಲೆಯಾದ ನಮಗೆ ಇದು ಬಹಳ ಮುಖ್ಯ. ವರ್ತಕರಿಗೆ ಜಿಎಸ್‌ಟಿ ನೋಟಿಸ್ ನೀಡುವ ಮೊದಲು ಪ್ರತಿ ತಾಲ್ಲೂಕಿನಲ್ಲಿ ಕನ್ನಡದಲ್ಲೇ ಮಾಹಿತಿ ಶಿಬಿರ ನಡೆಸುವುದನ್ನು ಸರ್ಕಾರ ತನ್ನ ನೀತಿಯಾಗಿಸಬೇಕೆಂದು ನಾವು ಒತ್ತಾಯಿಸುತ್ತೇವೆ.