ಪಿಕ್ಸೆಲ್‌ಗಾಗಿ ಬಾಡಿ ಬದಲಿಸಬೇಡಿ

ನಿಕಾನ್ ಡಿ850, ಕ್ಯಾನನ್ ಫೈವ್‌ಡಿ ಮಾರ್ಕ್ ಫೋರ್ ಥರದ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇರುವವರು ಈಚೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಇದನ್ನು ಕೊಟ್ಟು ಮಿರರ್‌ಲೆಸ್ ತಗೊಳ್ಳಲಾ?" ಇನ್‌ಬಾಕ್ಸಿನಲ್ಲಿ ಒಬ್ಬೊಬ್ಬರಿಗೇ ಬರೆಯುವ ಬದಲು ಎಲ್ಲರಿಗೂ ಇಲ್ಲೇ ಹೇಳುತ್ತೇನೆ. ಫೋಟೋ ಇನ್ನೂ ಚೆನ್ನಾಗಿ ಬರಲಿ ಅಂತ ಬದಲಿಸುವುದಾದರೆ ಬೇಡ. ಫೋಕಸ್‌ಗಾಗಿ ಆದರೆ ಕೂತು ಯೋಚಿಸಿ.

ಫಿಲ್ಮ್ ಕಾಲದಲ್ಲಿ ಈ ಸಂಕಟ ಇಷ್ಟು ಇರಲಿಲ್ಲ. ಹೊಸ ಫಿಲ್ಮ್ ಬಂದರೆ ಹಳೇ ಬಾಡಿಗೇ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಾಕಿ ತೆಗೆಯುತ್ತಿದ್ದರು. ರೋಲ್ ಬದಲಾದರೆ ಬಣ್ಣ, ಕಾಳು (ಗ್ರೇನ್), ಬೆಳಕು ಹಿಡಿಯುವ ಶಕ್ತಿ ಎಲ್ಲ ಬದಲಾಗುತ್ತಿತ್ತು. ಡಿಜಿಟಲ್‌ನಲ್ಲಿ ಫಿಲ್ಮಿನ ಜಾಗಕ್ಕೆ ಬಂದ ಸೆನ್ಸರ್ ಬಾಡಿಯೊಳಗೇ ಸೇರಿಕೊಂಡಿತು. ಈಗ ಬಾಡಿ ಗಟ್ಟಿ ಇದ್ದರೂ, ಬಟನ್‌ಗಳೆಲ್ಲ ಸರಿಯಿದ್ದರೂ, ಸೆನ್ಸರ್ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಇಡೀ ಕ್ಯಾಮೆರಾ ಹೋಗಬೇಕು.

ಬೇರೆ ದಾರಿ ಹುಡುಕಿದವರು ಇಲ್ಲದೇ ಇಲ್ಲ. 2006ರಲ್ಲಿ ಲೈಕಾ ಎಂ8 ಬಂತು. 2008ರಲ್ಲಿ ಆ ಕಂಪನಿ, ಈ ಕ್ಯಾಮೆರಾವನ್ನು ಕಾಲಕಾಲಕ್ಕೆ ಅಪ್‌ಗ್ರೇಡ್ ಮಾಡಿಕೊಡುತ್ತೇವೆ, ಹೊಸದು ಕೊಳ್ಳಬೇಕಾಗಿಲ್ಲ ಎಂದು ಹೇಳಿತು. ದುಡ್ಡು ಕೊಟ್ಟರೆ ಸದ್ದು ಕಡಿಮೆ ಇರುವ ಶಟರ್, ಸ್ಕ್ರೀನ್ ಮೇಲೆ ಗೀರು ಬೀಳದ ಸಫೈರ್ ಗಾಜು ಹಾಕಿಕೊಡುತ್ತಿತ್ತು. ನನಗೆ ತುಂಬಾ ಇಷ್ಟವಾದ ಯೋಚನೆ ಅದು. ಆದರೆ ಮರುವರ್ಷವೇ ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ) ಸೆನ್ಸರ್‌ನ ಎಂ9 ಬಂತು. ಎಂ8 ಇದ್ದವರಿಗೆ ಆ ಸೆನ್ಸರ್ ಹಾಕಿಸಿಕೊಳ್ಳುವ ದಾರಿ ಇರಲಿಲ್ಲ. ನಿಜವಾಗಿ ಬೇಕಾಗಿದ್ದದ್ದೇ ಸಿಗಲಿಲ್ಲ.

ಆ ಯೋಚನೆಯನ್ನು ನಿಜ ಮಾಡಿದ್ದು ಹ್ಯಾಸಲ್‌ಬ್ಲಾಡ್ ಕಂಪನಿ. ಅದರ 100 ಮೆಗಾಪಿಕ್ಸೆಲ್‌ನ ಸಿಎಫ್‌ವಿ 100ಸಿ ಡಿಜಿಟಲ್ ಬ್ಯಾಕ್ (ಸೆನ್ಸರ್ ಇರುವ ಹಿಂಭಾಗ) 2024ರಲ್ಲಿ ಬಂತು. ಅದನ್ನು 1957ರಿಂದ ಈಚಿನ ಹೆಚ್ಚಿನ ವಿ ಸಿಸ್ಟಮ್ ಫಿಲ್ಮ್ ಕ್ಯಾಮೆರಾಗಳ ಹಿಂಬದಿಗೆ ಸಿಕ್ಕಿಸಬಹುದು. ಅಜ್ಜನ ಕಾಲದ ಬಾಡಿ, ಇವತ್ತಿನ ಸೆನ್ಸರ್! ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ, ಅದು ಬೇರೆ ವಿಷಯ. ಆದರೆ ಬಾಡಿ ಮತ್ತು ಸೆನ್ಸರ್ ಬೇರೆ ಬೇರೆ ಇರಬಹುದು ಅನ್ನುವುದಂತೂ ನಿಜ ಅಲ್ವಾ?

ನಮ್ಮ ಕೈಯಲ್ಲಿರುವ ಕ್ಯಾಮೆರಾಗಳಿಗೆ ಆ ಭಾಗ್ಯ ಇಲ್ಲ. ಆದರೂ ಅಪ್‌ಗ್ರೇಡ್‌ಗೆ ದಾರಿಗಳಿವೆ. ಮೊದಲನೆಯದು ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್. 2021ರಲ್ಲಿ ಬಂದ ನಿಕಾನ್ ಝಡ್9 ನೋಡಿ. ಮುಂದಿನ ವರ್ಷ ಬರೀ ಸಾಫ್ಟ್‌ವೇರ್‌ನಿಂದಲೇ ಅದಕ್ಕೆ ಸೆಕೆಂಡಿಗೆ 60 ಫ್ರೇಮ್‌ನ 8ಕೆ ರಾ (ಸಂಸ್ಕರಿಸದ) ವಿಡಿಯೋ ಬಂತು. 2023ರಲ್ಲಿ ತಾನಾಗೇ ಕ್ಲಿಕ್ಕಿಸುವ ಆಟೋ ಕ್ಯಾಪ್ಚರ್ ಬಂತು, ಆಮೇಲೆ ಹಕ್ಕಿಯನ್ನೇ ಗುರುತಿಸುವ ಫೋಕಸ್ ಬಂತು. ಎಲ್ಲ ಉಚಿತ. ಇನ್ನೊಂದು, ನಾಯ್ಸ್ (ಮಂದ ಬೆಳಕಿನ ಫೋಟೋದಲ್ಲಿ ಕಾಣುವ ಕಾಳುಕಾಳು) ತೆಗೆಯುವ ಸಾಫ್ಟ್‌ವೇರ್. 2023ರಲ್ಲಿ ಫೋಟೋ ತಿದ್ದುವ ಲೈಟ್‌ರೂಮ್‌ಗೆ ಎಐ ಡಿನಾಯ್ಸ್ ಬಂದ ಮೇಲೆ ನನ್ನ ಹಳೇ ರಾ ಫೈಲ್‌ಗಳನ್ನು ಮತ್ತೆ ತೆರೆದು ನೋಡಿದೆ. ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 6400ರಲ್ಲಿ ತೆಗೆದು ಬದಿಗಿಟ್ಟಿದ್ದ ಫೋಟೋಗಳು ಪ್ರಿಂಟ್ ಹಾಕಿಸುವ ಹಾಗೆ ಬಂದವು.

ಆದರೆ ದುಡ್ಡು ಹಾಕುವುದೇ ಆದರೆ ಲೆನ್ಸಿಗೆ ಹಾಕಿ. ಕಬಿನಿಯಲ್ಲಿ ಸಂಜೆ ಸಫಾರಿಯ ಕೊನೇ ಅರ್ಧ ಗಂಟೆ ಹೇಗಿರುತ್ತದೆ ಗೊತ್ತಲ್ಲ. ಪ್ರಾಣಿ ಹೊರಗೆ ಬರುವುದೂ ಆಗಲೇ, ಬೆಳಕು ಹೋಗುವುದೂ ಆಗಲೇ. ಎಫ್ ಸಂಖ್ಯೆ ಇಳಿದಷ್ಟೂ ಲೆನ್ಸಿನ ಬಾಯಿ ಅಗಲ. ಎಫ್ 5.6 ಲೆನ್ಸಿಗಿಂತ ಎಫ್ 4 ಲೆನ್ಸಿನಲ್ಲಿ ಎರಡು ಪಟ್ಟು ಬೆಳಕು ಒಳಗೆ ಬರುತ್ತದೆ. ಎಫ್ 2.8 ಆದರೆ ನಾಲ್ಕು ಪಟ್ಟು. ಐಎಸ್‌ಒ 6400 ಇದ್ದದ್ದು 1600ಕ್ಕೆ ಇಳಿಯುತ್ತದೆ. 2017ರ ಒಳ್ಳೇ ಫುಲ್ ಫ್ರೇಮ್ ಸೆನ್ಸರ್ ಬಿಟ್ಟು ಇವತ್ತಿನ ಫುಲ್ ಫ್ರೇಮ್ ಸೆನ್ಸರ್ ತಗೊಂಡರೆ ಇಷ್ಟು ಲಾಭ ಎಲ್ಲೂ ಸಿಗುವುದಿಲ್ಲ.

ಮೆಗಾಪಿಕ್ಸೆಲ್ ಲೆಕ್ಕವೂ ಕೇಳುವಾಗ ದೊಡ್ಡದು ಅನಿಸುತ್ತದೆ. 24ರಿಂದ 45ಕ್ಕೆ ಹೋದರೆ ಹತ್ತಿರ ಹತ್ತಿರ ಎರಡು ಪಟ್ಟು ಅಂದುಕೊಳ್ಳುತ್ತೇವೆ. ಅಗಲದಲ್ಲಿ ನೋಡಿದರೆ 6000 ಪಿಕ್ಸೆಲ್ ಇದ್ದದ್ದು 8256 ಆಗುತ್ತದೆ, ಅಷ್ಟೇ. ದೂರದ ಹಕ್ಕಿಯನ್ನು ಕ್ರಾಪ್ ಮಾಡುವಾಗ ಇದು ಉಪಯೋಗಕ್ಕೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಹೆಚ್ಚಿನ ಫೋಟೋಗಳು ಕೊನೆಗೆ ಫೇಸ್‌ಬುಕ್‌ನಲ್ಲಿ 2048 ಪಿಕ್ಸೆಲ್ ಅಗಲಕ್ಕೆ ಇಳಿಯುತ್ತವೆ.

ಹಾಗಾದರೆ ಬದಲಿಸಲೇಬೇಕಾದ ಸಂದರ್ಭ ಇಲ್ವಾ? ಇದೆ. ರಂಗನತಿಟ್ಟಿನಲ್ಲಿ ರೀವ ಹಕ್ಕಿ (ರಿವರ್ ಟರ್ನ್) ನೀರಿಗೆ ಧುಮುಕಿ ಮೀನು ಕಚ್ಚಿಕೊಂಡು ಏಳುವುದನ್ನು ತೆಗೆಯಬೇಕು ಅಂದರೆ ಹೊಸ ಮಿರರ್‌ಲೆಸ್‌ಗಳ ಮುಂದೆ ಹಳೇ ಡಿಎಸ್‌ಎಲ್‌ಆರ್ ನಿಲ್ಲುವುದಿಲ್ಲ. ಫ್ರೇಮಿನ ಮೂಲೆಯಲ್ಲಿದ್ದರೂ ಹಕ್ಕಿಯ ಕಣ್ಣನ್ನು ಅವು ಬಿಡುವುದಿಲ್ಲ. ಸದ್ದಿಲ್ಲದ ಶಟರ್ ಕೂಡ ದೊಡ್ಡ ವರ. ಗೂಡಿನ ಹತ್ತಿರ, ಮರೆಯಾಗಿ ಕೂರುವ ಹೈಡ್‌ನಲ್ಲಿ, ಸಂಗೀತ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಅದರ ಬೆಲೆ ಗೊತ್ತು. ನಿಮ್ಮ ಕೈತಪ್ಪಿದ ಫೋಟೋಗಳಲ್ಲಿ ಹೆಚ್ಚಿನವು ಈ ಥರದ್ದೇ ಆದರೆ ಬದಲಿಸಿ, ಬೇಜಾರು ಬೇಡ.

ಆಗಲೂ ಬಾಡಿಯ ಬೆಲೆ ಮಾತ್ರ ನೋಡಬೇಡಿ. ಮೌಂಟ್, ಅಂದರೆ ಬಾಡಿಗೆ ಲೆನ್ಸ್ ಸಿಕ್ಕಿಸುವ ಜಾಗ, ಅದನ್ನು ನೋಡಿ. ನಿಕಾನ್‌ನ ಎಫ್ ಮೌಂಟ್ 1959ರದ್ದು, ಕ್ಯಾನನ್‌ನ ಇಎಫ್ 1987ರದ್ದು. 2018ರಲ್ಲಿ ಇಬ್ಬರೂ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದರು. ಕ್ಯಾನನ್‌ನವರಿಗೆ ತೊಂದರೆ ಕಡಿಮೆ. ಇಎಫ್ ಲೆನ್ಸುಗಳ ಮೋಟಾರ್ ಲೆನ್ಸಿನೊಳಗೇ ಇರುವುದರಿಂದ ಅಡಾಪ್ಟರ್ ಹಾಕಿದರೂ ಆಟೋಫೋಕಸ್ ನಡೆಯುತ್ತದೆ. ನಿಕಾನ್‌ನ ಹಳೇ ಎಎಫ್-ಡಿ ಲೆನ್ಸುಗಳಿಗೆ ಮೋಟಾರ್ ಬಾಡಿಯಲ್ಲಿರಬೇಕು. ಕಂಪನಿಯ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ. ಹಾಗಾಗಿ 80-200 ಎಫ್ 2.8 ಡಿ ಥರದ ಗಟ್ಟಿ ಲೆನ್ಸನ್ನು ಅದರಲ್ಲಿ ಕೈಯಲ್ಲೇ ಫೋಕಸ್ ಮಾಡಬೇಕು. ಬಾಡಿ ಬದಲಿಸಲು ಹೋಗಿ ಬ್ಯಾಗೆಲ್ಲ ಬದಲಿಸಿದವರನ್ನು ನೋಡಿದ್ದೇನೆ.

ಕೊನೆಗೆ ರಿಪೇರಿ ವಿಷಯ. ನನ್ನ ಕ್ಯಾಮೆರಾದ ಶಟರ್ ಹೋದಾಗ ಸರ್ವಿಸ್ ಸೆಂಟರ್ ಒಂದರಲ್ಲಿ ಬಿಚ್ಚಿಯೂ ನೋಡದೆ "ಸುಮ್ನೆ ಹೊಸದು ತಗೊಳ್ಳಿ ಸಾರ್" ಅಂದರು. ಬೇರೊಬ್ಬ ಮೆಕ್ಯಾನಿಕ್ ಪಾರ್ಟ್ ತರಿಸಿ ಹಾಕಿಕೊಟ್ಟರು. ಹೊಸ ಬಾಡಿಯ ಬೆಲೆಯಲ್ಲಿ ಅದು ಒಂದು ಸಣ್ಣ ಪಾಲು. ಡಿ850ರ ಶಟರನ್ನು 2 ಲಕ್ಷ ಕ್ಲಿಕ್‌ಗಳವರೆಗೆ ಪರೀಕ್ಷೆ ಮಾಡಿದ್ದಾರೆ. ಅದಾದ ಮೇಲೂ ಶಟರ್ ಬದಲಿಸಿ ಮುಂದುವರಿಸಬಹುದು, ಪಾರ್ಟ್ ಸಿಕ್ಕರೆ. ಮಾಡೆಲ್ ನಿಂತು ಎಷ್ಟು ವರ್ಷದವರೆಗೆ ಪಾರ್ಟ್ ಕೊಡುತ್ತೇವೆ ಅನ್ನುವುದನ್ನು ಕಂಪನಿಗಳು ಬಾಕ್ಸಿನ ಮೇಲೇ ಅಚ್ಚು ಹಾಕಲಿ. ಎರಡು ಮೂರು ಲಕ್ಷ ಕೊಡುವ ನಾವು ಅಂಗಡಿಯಲ್ಲಿ ಮೆಗಾಪಿಕ್ಸೆಲ್‌ಗಿಂತ ಮೊದಲು ಅದನ್ನೇ ಕೇಳೋಣ.