ಎಮ್ಮೆಗೆ ಸಿನಿಮಾ ಇಲ್ಲ

ಮನೆಯವರೆಲ್ಲ ಸೇರಿ ಸಿನಿಮಾ ನೋಡುವಾಗ ನನ್ನ ತಂಗಿಗೊಂದು ಕೆಟ್ಟ ಅಭ್ಯಾಸ. ಅಳುವ ಸೀನು ಬಂತೆಂದರೆ ಅವಳು ಟೀವಿ ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಕಣ್ಣು ಒದ್ದೆ ಆಗಿದೆಯೋ ಇಲ್ಲವೋ ಅಂತ ತಪಾಸಣೆ.

ಕಳೆದ ಭಾನುವಾರವೂ ಅದೇ ಕಥೆ. ಅವಳ ಮೊಮ್ಮಗಳಿಗೆಂದು 1937ರ 'ಎಲಿಫೆಂಟ್ ಬಾಯ್' ಹಾಕಿದ್ದೆವು. ಕಾಡು ನಮ್ಮ ಮೈಸೂರು ಸೀಮೆಯದು. ಆನೆ ಮಹಾರಾಜರ ಲಾಯದ ಐರಾವತ. ಹುಡುಗನ ಪಾತ್ರಕ್ಕೆ ಕಾರಾಪುರದ ಮಾವುತನ ಮಗ ಸಾಬು. ಮಾತು ಮಾತ್ರ ಎಲ್ಲರದೂ ಇಂಗ್ಲಿಷು. ಹುಡುಗನ ಅಪ್ಪನನ್ನು ಹುಲಿ ಕೊಂದು, ಆನೆ ದುಃಖದಲ್ಲಿ ಹುಚ್ಚೆದ್ದಾಗ ತಂಗಿ ನನ್ನ ಕಡೆ ತಿರುಗಿದಳು.

"ಏನೂ ಅನ್ನಿಸಲಿಲ್ವಾ? ಕಲ್ಲು ಕಣೋ ನೀನು."

ಕಲ್ಲಲ್ಲ. ನನಗೆ ಅನುಭವ ಇದೆ, ಅಷ್ಟೇ.

ನನಗಾಗ ಒಂಬತ್ತು ವರ್ಷ. ಊರ ಟೆಂಟಿನಲ್ಲಿ ಆನೆಯ ಸಿನಿಮಾವೊಂದನ್ನು ನೋಡಿ ಬಂದು, ನನಗೂ ಒಂದು ಪ್ರಾಣಿ ಸ್ನೇಹಿತ ಬೇಕೇಬೇಕು ಅನ್ನಿಸಿತು. ಆನೆ ಇರಲಿಲ್ಲ. ನಾಯಿಯನ್ನು ಅಜ್ಜಿ ಹೊಸಿಲು ದಾಟಿಸುತ್ತಿರಲಿಲ್ಲ. ಉಳಿದದ್ದು ಕೊಟ್ಟಿಗೆಯ ಎಮ್ಮೆ, ಬೋಡಿ.

ಸಿನಿಮಾದಲ್ಲಿ ಇದಕ್ಕೊಂದು ಕ್ರಮ ಇರುತ್ತದೆ. ಮೊದಲು ಪ್ರಾಣಿ ಹೆದರುತ್ತದೆ. ನೀವು ನಿಮ್ಮ ಊಟದಲ್ಲಿ ಪಾಲು ಕೊಡುತ್ತೀರಿ. ಅದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ. ಆಮೇಲೆ ನಿಮ್ಮ ಪ್ರಾಣ ಉಳಿಸುತ್ತದೆ. ಬೋಡಿ ಹೆದರಲಿಲ್ಲ. ಕಡಲೆ ಮಿಠಾಯಿ ಕೊಟ್ಟೆ, ಕಾಗದದ ಸಮೇತ ತಿಂದಿತು. ದಿನಾ ಸಂಜೆ ಪಕ್ಕದಲ್ಲಿ ಕೂತು ಸ್ಕೂಲಿನ ಕಷ್ಟಸುಖ ಹೇಳಿಕೊಂಡೆ. ಬಾಲ ಆಡಿಸಿತು. ನನಗಲ್ಲ, ನೊಣಕ್ಕೆ. ಹೆಸರು ಹಿಡಿದು ಎಷ್ಟು ಕೂಗಿದರೂ ತಿರುಗದ ಎಮ್ಮೆ, ಅಜ್ಜಿ ಹಿಂಡಿ ಬಕೆಟ್ ಎತ್ತಿದ ಸದ್ದಿಗೆ ಹಗ್ಗ ಕಿತ್ತುಕೊಂಡು ಏಳುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಆ ಗಾದೆ ಮಾಡಿದವನೂ ನನ್ನ ವಯಸ್ಸಿನಲ್ಲಿ ಯಾವುದೋ ಸಿನಿಮಾ ನೋಡಿದ್ದಿರಬೇಕು!

ಒಂದು ತಿಂಗಳಾಯಿತು. ಪ್ರಾಣ ಉಳಿಸುವ ಸೀನು ಬರಲೇ ಇಲ್ಲ. ನಾನೇ ತರಿಸೋಣ ಅಂದುಕೊಂಡೆ. ಬೋಡಿ ಕೆರೆಯಲ್ಲಿ ಮೂಗಿನವರೆಗೆ ಮುಳುಗಿ ಮಲಗಿದ್ದಾಗ, ಹತ್ತು ಮಾರು ದೂರದಲ್ಲಿ ಸೊಂಟದುದ್ದದ ನೀರಿಗಿಳಿದು ಕೈಕಾಲು ಬಡಿದೆ. "ಬೋಡೀ, ಕಾಪಾಡೇ!" ಅಂತ ಕಿರುಚಿದೆ. ಅದು ನನ್ನ ಕಡೆ ನೋಡಿತು. ನಿಜವಾಗಿ ನೋಡಿತು. ಆಮೇಲೆ ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿತು.

ಓಡಿ ಬಂದಿದ್ದು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಯಾರೋ ಪುಣ್ಯಾತ್ಮರು. ಎಳೆದು ತಂದರು. ನೀರು ಎಷ್ಟಿದೆ ಅಂತ ಗೊತ್ತಾದ ಮೇಲೆ ಎರಡು ಬಿಟ್ಟರು. ನಾನು ಅಳುತ್ತಾ ನಿಂತಿದ್ದಾಗ ಬೋಡಿ ಎದ್ದು, ಮೈ ಕೊಡವಿ, ನನ್ನ ಪಕ್ಕದಲ್ಲೇ ಹಾದು ಮನೆ ಕಡೆ ಹೊರಟಿತು. ಹಾಲು ಕರೆಯುವ ಹೊತ್ತಾಗಿತ್ತು. ಮನೆಯಲ್ಲಿ ಮತ್ತೆ ನಾಲ್ಕು ಬಿತ್ತು, ಅದರ ಎದುರಿಗೇ.

ಅವತ್ತಿನಿಂದ ಇಂಥ ಸಿನಿಮಾ ನೋಡಿದರೆ ನನಗೆ ಮೈಯೆಲ್ಲ ಉರಿ. ಸುಂದರವಾದ ನಾಯಿ, ಕುದುರೆ, ಡಾಲ್ಫಿನ್ ಹಿಡಿದು ತಂದು ಅಳಿಸುವುದೇನು ದೊಡ್ಡ ಸಾಹಸ? ತಾಕತ್ತಿದ್ದರೆ ಎಮ್ಮೆಯ ಮೇಲೆ ಮಾಡಲಿ. ಕಥೆ ಬರೆಯುವವರು ಒಮ್ಮೆ ಸೆಗಣಿ ಬಾಚಿ ಬರಲಿ. ಹಾಗೆ ನೋಡಿದರೆ ಬೋಡಿಯನ್ನು ಮಾರಿದ ದಿನ ನಾನೂ ಮನೆಯಲ್ಲಿರಲಿಲ್ಲ. ಗೋಲಿ ಆಡಲು ಹೋಗಿದ್ದೆ. ವಾರ ಕಳೆದ ಮೇಲೆ ಕೊಟ್ಟಿಗೆ ಖಾಲಿ ಇರುವುದು ಗಮನಕ್ಕೆ ಬಂತು.

ಇರಲಿ. ಸಿನಿಮಾ ಮುಗಿಯಿತು. ಪುಟ್ಟಿಗೆ ಸಾಬುವಿನ ಕಥೆ ಹೇಳಿದೆ. ಹುಡುಗನೊಬ್ಬ ಬೇಕೆಂದು ಅಲೆಯುತ್ತಿದ್ದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಅವನು ಬಿದ್ದದ್ದು. ಅಣ್ಣನ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದ್ದು. ಅಲ್ಲಿಂದ ಹಾಲಿವುಡ್. 1944ರಲ್ಲಿ ಅಮೆರಿಕದ ಪೌರ. ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿದದ್ದು. 1963ರಲ್ಲಿ ಹೃದಯಾಘಾತ, ವಯಸ್ಸು ಬರೀ 39.

"ಆನೇನೂ ಹಡಗಲ್ಲಿ ಹೋಯ್ತಾ?"

"ಇಲ್ಲಮ್ಮ. ಅದು ಮೈಸೂರಲ್ಲೇ ಉಳೀತು."

ಪುಟ್ಟಿ ಸ್ವಲ್ಪ ಹೊತ್ತು ಸುಮ್ನೆ ಕೂತಳು. "ಹೋಗ್ತೀನಿ ಅಂತ ಆನೆಗೆ ಹೇಳಿ ಹೋದ್ನಾ ಅವ್ನು?"

ಪುಣ್ಯಕ್ಕೆ ತಂಗಿ ಆಗ ಅಡುಗೆಮನೆಯಲ್ಲಿ ಕಾಫಿಗೆ ನೀರಿಡುತ್ತಿದ್ದಳು.